ಶಿಕ್ಷೆಯ ವರ್ಷ ಬರೆದವರು ಖರ್ಚಿನ ಲೆಕ್ಕ ಬರೆದರೇ?

ಕಳೆದ ವರ್ಷದ ಮಳೆಗಾಲದ ಒಂದು ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಲೋಕಲ್ ರೈಲಿಗೆ ನಿಂತಿದ್ದಾಗ ನಮ್ಮ ಸಂಘದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣ, ಒಂದು ಗಳಿಗೆ ಠಾಣೆಗೆ ಬಂದು ಹೋಗಿ. ಒಬ್ಬ ಹೆಂಗಸು, ಜೊತೆಗೆ ಮಗು. ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಇಲ್ಲಿಯವರಿಗೆ ಅವರ ಮಾತು ತಿಳಿಯುತ್ತಿಲ್ಲ" ಎಂದ. ಹೋದೆ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ. ಹದಿಮೂರರ ಹುಡುಗಿ ತಾಯಿಯ ಸೆರಗು ಹಿಡಿದು ಬೆಂಚಿನ ತುದಿಯಲ್ಲಿ ಕುಳಿತಿತ್ತು. ಯಾವ ಉಪನಗರ, ಯಾವ ಠಾಣೆ, ಯಾವ ಊರಿನವರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ಗುರುತು ಸಿಗುವಂತಹ ವಿವರ ಪತ್ರಿಕೆಯಲ್ಲಿ ಬಂದರೆ ಅದೂ ಅಪರಾಧವೇ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ.

ಠಾಣೆಯವರನ್ನು ದೂರುವಂತಿರಲಿಲ್ಲ. ಹೇಳಿಕೆ ಬರೆಯುತ್ತಿದ್ದ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಕಾನೂನಿನ ಪ್ರಕಾರ ಸಮವಸ್ತ್ರ ಬಿಟ್ಟು ಸಾದಾ ಉಡುಪಿನಲ್ಲಿಯೇ ಇದ್ದರು. ಮಗುವಿನ ಮನೆಯಲ್ಲಿಯೇ ಹೇಳಿಕೆ ಪಡೆಯಬಹುದಿತ್ತು, ಆದರೆ ಬಿಡಾರದ ತಗಡಿನ ಗೋಡೆಗೆ ಕಿವಿ ಹೆಚ್ಚು ಎಂದು ತಾಯಿಯೇ ಠಾಣೆ ಸಾಕು ಎಂದಿದ್ದರಂತೆ. ಮುರುಕು ಹಿಂದಿಯಲ್ಲಿ ಕೇಳಿ ಮರಾಠಿಯಲ್ಲಿ ಬರೆದ ಒಂದು ಪುಟ ಆಗಲೇ ಸಿದ್ಧವಾಗಿತ್ತು. ಮಗುವಿನ ಮೈ ಮುಟ್ಟಿ ಹಿಂಸೆ ಕೊಟ್ಟವನು "ಮಾಮಾ" ಎಂದು ಅದರಲ್ಲಿ ಬರೆದಿತ್ತು. ಮರಾಠಿಯಲ್ಲಿ ಮಾಮಾ ಎಂದರೆ ತಾಯಿಯ ಒಡಹುಟ್ಟಿದವನು. ಅದೇ ಬಿಡಾರದಲ್ಲಿ ತಾಯಿಯ ತಮ್ಮನೊಬ್ಬ ನಿಜಕ್ಕೂ ವಾಸವಾಗಿದ್ದ. ಅವನನ್ನು ಕರೆತರಲು ಪೊಲೀಸರು ಹೊರಡುವುದರಲ್ಲಿದ್ದರು.

ನಾನು ಮಗುವನ್ನು ಕೇಳಿದೆ, "ಯಾವ ಮಾಮಾ ಅವ್ವಾ?"

"ಮಣ್ಣಿನ ಗಾಡಿ ಮಾಮಾರೀ" ಎಂದಿತು.

ಮಣ್ಣು ಸಾಗಿಸುವ ಟಿಪ್ಪರಿನ ಚಾಲಕ. ಆ ಕಡೆಯ ಮಕ್ಕಳು ದೊಡ್ಡವರನ್ನೆಲ್ಲ ಹಾಗೆ ಕರೆಯುವುದುಂಟು. ತಾಯಿ ತಲೆ ಚಚ್ಚಿಕೊಂಡು, "ನಮ್ಮ ತಮ್ಮ ಅಲ್ಲರೀ ಅಣ್ಣಾರ, ಅವ ಪಾಪ ಇದ್ದೇ ಇರಲಿಲ್ಲ" ಎಂದರು. ಹೇಳಿಕೆಯನ್ನು ಮತ್ತೆ ಮೊದಲಿನಿಂದ ಬರೆಯಲಾಯಿತು. ರಾತ್ರಿ ಹತ್ತೂವರೆ ಆಯಿತು.

ಒಂದು ಪದ, ಎರಡು ವರ್ಷ

ಮನೆಗೆ ಬಂದ ಮೇಲೆ ಕುತೂಹಲಕ್ಕೆ ಕಾಯಿದೆಯ ಪುಸ್ತಕ ತೆರೆದೆ. ಪೋಕ್ಸೊ ಎಂದು ನಾವೆಲ್ಲ ಕರೆಯುವ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯಿದೆ 2012ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನದಂದೇ ಜಾರಿಗೆ ಬಂತು. ಅದರ 8ನೇ ಕಲಮಿನಂತೆ ಇಂತಹ ಅಪರಾಧಕ್ಕೆ ಕನಿಷ್ಠ ಮೂರು ವರ್ಷ ಜೈಲು. ಮಾಡಿದವನು ರಕ್ತಸಂಬಂಧಿಯಾದರೆ 10ನೇ ಕಲಮು ಬರುತ್ತದೆ, ಕನಿಷ್ಠ ಐದು ವರ್ಷ. "ಮಾಮಾ" ಎಂಬ ಎರಡಕ್ಷರ ಸರಿಯಾಗಿ ಅರ್ಥವಾಗದಿದ್ದರೆ ತಪ್ಪು ಮನುಷ್ಯ ಒಳಗೆ ಹೋಗುತ್ತಿದ್ದ, ಅದೂ ಹೆಚ್ಚಿನ ಕಲಮಿನಲ್ಲಿ. ನಿಜವಾದವನು ಮರುದಿನವೂ ಅದೇ ಗಾಡಿ ಓಡಿಸುತ್ತಿದ್ದ.

ಈ ಲೇಖನ ಬರೆಯಲು ಕಾರಣ ಅದೇ. ಹದಿಮೂರು ವರ್ಷಗಳಿಂದ ದುರ್ಬಲರ ರಕ್ಷಣೆಗೆಂದು ಶಿಕ್ಷೆ ಹೆಚ್ಚಿಸುವ ಕಾನೂನುಗಳು ಒಂದರ ಹಿಂದೊಂದು ಬಂದಿವೆ. 2012ರ ಡಿಸೆಂಬರ್ 16ರ ದಿಲ್ಲಿ ಘಟನೆಯ ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಬರೇ 29 ದಿನಗಳಲ್ಲಿ ವರದಿ ಕೊಟ್ಟಿತು, 2013ರಲ್ಲಿ ದಂಡಸಂಹಿತೆ ತಿದ್ದುಪಡಿಯಾಯಿತು. ಕಠುವಾದ ಘಟನೆಯ ಬಳಿಕ 2018ರಲ್ಲಿ ಮತ್ತೆ ತಿದ್ದುಪಡಿ, ಅತ್ಯಾಚಾರಕ್ಕೆ ಏಳು ವರ್ಷವಿದ್ದ ಕನಿಷ್ಠ ಶಿಕ್ಷೆ ಹತ್ತಕ್ಕೆ ಏರಿತು. 2019ರಲ್ಲಿ ಪೋಕ್ಸೊ ಕಾಯಿದೆಯ ಸರದಿ. ಗಂಭೀರ ಸ್ವರೂಪದ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷವಿದ್ದುದು ಇಪ್ಪತ್ತಾಯಿತು, ಮರಣದಂಡನೆಯೂ ಸೇರಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಪ್ರತಿ ಸಲವೂ ಸದನದಲ್ಲಿ ಮೇಜು ತಟ್ಟಿದರು, ಟಿವಿಯಲ್ಲಿ ಚರ್ಚೆಯಾಯಿತು. ಶಿಕ್ಷೆ ಎಷ್ಟು ವರ್ಷ ಎಂದು ಎಲ್ಲರೂ ಕೇಳಿದರು. ಖರ್ಚು ಎಷ್ಟು, ಯಾರ ಖಾತೆಯಿಂದ ಎಂದು ಕೇಳಿದವರು ಕಡಿಮೆ. ನಮ್ಮ ಬ್ಯಾಂಕಿನಲ್ಲಿ ಒಂದು ಕಡೆ ಜಮೆ ಬರೆದರೆ ಇನ್ನೊಂದು ಕಡೆ ಖರ್ಚು ಬರೆಯದೆ ಸಂಜೆ ಮನೆಗೆ ಬಿಡುವುದಿಲ್ಲ. ಕಾನೂನು ಮಾಡುವವರಿಗೆ ಆ ಕಟ್ಟುಪಾಡು ಇದ್ದಂತಿಲ್ಲ.

ಪೋಕ್ಸೊ ಬರುವ ಮೊದಲಿನ ಸ್ಥಿತಿ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಕೊಲಾಬಾದ ಆಂಕರೇಜ್ ಎಂಬ ಅನಾಥಾಶ್ರಮದ ಪ್ರಕರಣ ಹಳೆಯ ಓದುಗರಿಗೆ ನೆನಪಿರಬಹುದು. ಬೀದಿ ಮಕ್ಕಳಿಗೆ ಆಸರೆ ಕೊಡುತ್ತೇವೆಂದು ಬಂದಿದ್ದ ಇಬ್ಬರು ಬ್ರಿಟಿಷರ ಮೇಲೆ ಹುಡುಗರು ದೂರು ಹೇಳಿದ್ದು 2001ರಲ್ಲಿ. ಗಂಡುಮಕ್ಕಳ ಮೇಲಿನ ದೌರ್ಜನ್ಯಕ್ಕೆ ಆಗ ಪ್ರತ್ಯೇಕ ಕಾನೂನೇ ಇರಲಿಲ್ಲ, ಹಳೆಯ 377ನೇ ಕಲಮಿನಲ್ಲಿ ಕೇಸು. 2006ರಲ್ಲಿ ಮುಂಬಯಿ ಸೆಷನ್ಸ್ ಕೋರ್ಟು ಶಿಕ್ಷೆ ಕೊಟ್ಟಿತು, 2008ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಶಿಕ್ಷೆಯನ್ನು ಎತ್ತಿ ಹಿಡಿಯಿತು. ದೂರು ಕೊಟ್ಟಾಗ ಹುಡುಗರಾಗಿದ್ದವರು ಕೊನೆಯ ತೀರ್ಪಿನ ಹೊತ್ತಿಗೆ ಸಂಸಾರಸ್ಥರಾಗುವ ವಯಸ್ಸು. ಕಾನೂನು ಬೇಕಿತ್ತು, ಬಂತು. ನನ್ನ ತಕರಾರು ಕಾನೂನಿನ ಮೇಲಲ್ಲ, ಅದರ ಹಿಂದಿನ ಖಾಲಿ ಕಾಲಂ ಮೇಲೆ.

ಮುಕ್ಕಾಲು ಕೋಟಿಯ ನ್ಯಾಯಾಲಯ

2019ರ ಜುಲೈ ತಿಂಗಳ ಎರಡು ದಿನಗಳನ್ನು ನೋಡಿ. ಜುಲೈ 24ರಂದು ರಾಜ್ಯಸಭೆ ಪೋಕ್ಸೊ ತಿದ್ದುಪಡಿಯನ್ನು ಅಂಗೀಕರಿಸಿ ಶಿಕ್ಷೆಯ ವರ್ಷ ಏರಿಸಿತು. ಮರುದಿನವೇ ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿದ್ದ ಪ್ರಕರಣದಲ್ಲಿ ಆದೇಶ ನೀಡಿತು. ಆ ವರ್ಷದ ಮೊದಲ ಆರು ತಿಂಗಳಲ್ಲಿ ದೇಶದಲ್ಲಿ ದಾಖಲಾದ ಇಂತಹ ಎಫ್‌ಐಆರ್‌ಗಳು 24,212, ಅದರಲ್ಲಿ ತೀರ್ಪು ಬಂದದ್ದು 911 ಎಂಬ ಅಂಕಿಅಂಶ ಕೋರ್ಟಿನ ಮುಂದಿತ್ತು. ನೂರಕ್ಕಿಂತ ಹೆಚ್ಚು ಪೋಕ್ಸೊ ಪ್ರಕರಣ ಬಾಕಿ ಇರುವ ಪ್ರತಿ ಜಿಲ್ಲೆಯಲ್ಲಿಯೂ ಇದಕ್ಕೆಂದೇ ಒಂದು ನ್ಯಾಯಾಲಯ ತೆರೆಯಬೇಕು, ಹಣ ಕೇಂದ್ರ ಕೊಡಬೇಕು ಎಂದು ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯಿಯವರ ಪೀಠ ಹೇಳಿತು. ಒಂದು ಸದನ ವರ್ಷ ಬರೆಯಿತು, ಮರುದಿನ ಕೋರ್ಟು ಬಿಲ್ಲು ಕಳುಹಿಸಿತು ಎನ್ನಬಹುದು.

ಹೀಗೆ ಬಂದದ್ದು ತ್ವರಿತಗತಿ ವಿಶೇಷ ನ್ಯಾಯಾಲಯಗಳ ಯೋಜನೆ. 2019ರ ಅಕ್ಟೋಬರ್ 2ರಂದು ಪ್ರಾರಂಭವಾಯಿತು. ದೇಶಕ್ಕೆ 1,023 ನ್ಯಾಯಾಲಯಗಳು, ಅದರಲ್ಲಿ 389 ಬರೇ ಪೋಕ್ಸೊ ಪ್ರಕರಣಗಳಿಗೆ. ಒಂದು ವರ್ಷದ ವೆಚ್ಚ 767.25 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ನ್ಯಾಯಾಲಯಕ್ಕೆ ವರ್ಷಕ್ಕೆ ಸರಿಯಾಗಿ 75 ಲಕ್ಷ ಬರುತ್ತದೆ. ಆ ಹಣದಲ್ಲಿ ಒಬ್ಬ ನ್ಯಾಯಾಧೀಶರು, ಏಳು ಮಂದಿ ಸಿಬ್ಬಂದಿ. ವರ್ಷಕ್ಕೆ 165 ಪ್ರಕರಣ ಮುಗಿಸಬೇಕು ಎಂಬ ಗುರಿ. ಅಂದರೆ ಒಂದು ಪ್ರಕರಣಕ್ಕೆ ಸುಮಾರು 45,450 ರೂಪಾಯಿ. ಮುಂಬಯಿಯಲ್ಲಿ ಒಂದು ಸಾಧಾರಣ ಮದುವೆ ಹಾಲಿನ ಒಂದು ದಿನದ ಬಾಡಿಗೆ ಇದಕ್ಕಿಂತ ಹೆಚ್ಚು.

ಕೇಂದ್ರದ ಪಾಲು ನಿರ್ಭಯಾ ನಿಧಿಯಿಂದ. 2013ರ ಫೆಬ್ರವರಿಯಲ್ಲಿ ಅರ್ಥ ಸಚಿವ ಚಿದಂಬರಂ ಅವರು ಸಾವಿರ ಕೋಟಿಯಿಂದ ಆರಂಭಿಸಿದ ನಿಧಿ ಅದು. ಹೆಚ್ಚಿನ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರ ಲೆಕ್ಕ. ಮಹಾರಾಷ್ಟ್ರಕ್ಕೆ ಮೊದಲಿಗೆ ಗೊತ್ತುಪಡಿಸಿದ್ದು 138 ನ್ಯಾಯಾಲಯ, ನಮ್ಮ ಕರ್ನಾಟಕಕ್ಕೆ 31. ಮಹಾರಾಷ್ಟ್ರ ಅಷ್ಟನ್ನೂ ತೆರೆದಿದ್ದರೆ ವರ್ಷಕ್ಕೆ 103.5 ಕೋಟಿ ಬೇಕಾಗುತ್ತಿತ್ತು, ರಾಜ್ಯದ ಪಾಲು 41 ಕೋಟಿ ಚಿಲ್ಲರೆ. ಅಷ್ಟೂ ತೆರೆಯಲಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಯೋಜನೆಯನ್ನು 2026ರ ಮಾರ್ಚ್ 31ರ ತನಕ ಮುಂದುವರಿಸಿದಾಗ ಮೂರು ವರ್ಷಕ್ಕೆ 1,952.23 ಕೋಟಿ ಮಂಜೂರಾಯಿತು. ಆದರೆ ನ್ಯಾಯಾಲಯಗಳ ಸಂಖ್ಯೆ 1,023 ಹೋಗಿ 790 ಆಗಿತ್ತು. ಇದನ್ನೂ ಭಾಗಿಸಿದೆ. ಸರಾಸರಿ ಒಂದಕ್ಕೆ ವರ್ಷಕ್ಕೆ 82 ಲಕ್ಷ ಚಿಲ್ಲರೆ. 2019ಕ್ಕೂ ಇದಕ್ಕೂ ನಡುವಿನ ಏರಿಕೆ ಶೇಕಡಾ ಹತ್ತೂ ಇಲ್ಲ. ಆ ಅವಧಿಯಲ್ಲಿ ತುಟ್ಟಿಭತ್ಯೆ ಎಷ್ಟು ಏರಿತು ಎಂದು ಯಾವ ನೌಕರನನ್ನು ಕೇಳಿದರೂ ಹೇಳುತ್ತಾನೆ.

ಶಿಕ್ಷೆ ಜಾಸ್ತಿಯಾದಷ್ಟೂ ಪ್ರಕರಣ ಉದ್ದವಾಗುತ್ತದೆ ಎಂಬುದು ಕೋರ್ಟಿನ ಕಾರಿಡಾರಿನಲ್ಲಿ ಯಾವ ವಕೀಲರೂ ಹೇಳುವ ಮಾತು. ಇಪ್ಪತ್ತು ವರ್ಷ ಎದುರಿಗಿರುವಾಗ ತಪ್ಪೊಪ್ಪಿಕೊಳ್ಳುವವರು ಯಾರು? ಸಣ್ಣಪುಟ್ಟ ಅಪರಾಧಗಳಲ್ಲಿ ತಪ್ಪೊಪ್ಪಿ ಶಿಕ್ಷೆ ತಗ್ಗಿಸಿಕೊಳ್ಳುವ ದಾರಿ ಇದೆ, ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೂ ಎಳೆಯ ಮಕ್ಕಳ ಮತ್ತು ಮಹಿಳೆಯರ ಮೇಲಿನ ಅಪರಾಧಗಳಿಗೂ ಅದು ಇಲ್ಲ, ಇರಲೂಬಾರದು. ಹಾಗಾಗಿ ಪ್ರತಿ ಪ್ರಕರಣವೂ ಸಾಕ್ಷಿ, ಪಾಟಿಸವಾಲು, ಮೇಲ್ಮನವಿ ಎಂದು ಪೂರ್ತಿ ದಾರಿ ನಡೆಯಲೇಬೇಕು. ಮಹಾಲಕ್ಷ್ಮಿಯ ಶಕ್ತಿ ಮಿಲ್ಸ್ ಪ್ರಕರಣ ನಮ್ಮ ಕಣ್ಣೆದುರೇ ನಡೆಯಿತು. ಘಟನೆ 2013ರ ಆಗಸ್ಟ್ 22ರಂದು, 2014ರ ಏಪ್ರಿಲ್ 4ರಂದು ಮೂವರಿಗೆ ಮರಣದಂಡನೆ. ಎಂಟು ತಿಂಗಳ ಒಳಗೆ ತೀರ್ಪು, ಪೊಲೀಸರನ್ನೂ ಸರಕಾರಿ ವಕೀಲರನ್ನೂ ಮೆಚ್ಚಬೇಕು. ಆದರೆ ಶಿಕ್ಷೆ ಗಲ್ಲೋ ಜೀವಾವಧಿಯೋ ಎಂಬ ಪ್ರಶ್ನೆಯೊಂದೇ ಮುಂದೆ ಏಳೂವರೆ ವರ್ಷ ಹೈಕೋರ್ಟಿನಲ್ಲಿತ್ತು. 2021ರ ನವೆಂಬರ್ 25ರಂದು ಅದು ಸಾಯುವ ತನಕ ಸೆರೆವಾಸವೆಂದು ಬದಲಾಯಿತು. ಅಪರಾಧ ಸಾಬೀತುಪಡಿಸಲು ಎಂಟು ತಿಂಗಳು, ಶಿಕ್ಷೆಯ ಅಳತೆಗೆ ಏಳೂವರೆ ವರ್ಷ.

ಹತ್ತು ವರ್ಷದ ನಂತರ ಶುರುವಾಗುವ ಕಂತು

ಜೈಲಿನ ಖರ್ಚು ಇನ್ನೂ ವಿಚಿತ್ರ. ಹಳೆಯ ಕಾನೂನಿನಂತೆ 2020ರಲ್ಲಿ ಹತ್ತು ವರ್ಷದ ಶಿಕ್ಷೆಯಾದವನು 2030ರಲ್ಲಿ ಹೊರಗೆ ಬರುತ್ತಿದ್ದ. ತಿದ್ದುಪಡಿಯ ನಂತರದ ಅಪರಾಧಕ್ಕೆ ಅದೇ ಶಿಕ್ಷೆ ಇಪ್ಪತ್ತಾದರೆ 2040. ಅಂದರೆ 2019ರಲ್ಲಿ ಮೇಜು ತಟ್ಟಿದ ಸದನಕ್ಕೆ ಆ ಹೆಚ್ಚುವರಿ ಹತ್ತು ವರ್ಷದ ಒಂದು ರೂಪಾಯಿಯೂ ತಗಲಲಿಲ್ಲ. ಊಟ, ಔಷಧಿ, ಕಾವಲಿನ ಆ ಬಿಲ್ಲು 2030ರ ನಂತರದ ಅರ್ಥ ಸಚಿವರ ಮೇಜಿಗೆ ಬರುತ್ತದೆ. ನಮ್ಮ ಕೌಂಟರಿನ ಭಾಷೆಯಲ್ಲಿ ಹೇಳುವುದಾದರೆ ಇದು ಮೊದಲ ಕಂತು ಹತ್ತು ವರ್ಷದ ಬಳಿಕ ಶುರುವಾಗುವ ಸಾಲ. ಅಂತಹ ಸಾಲಕ್ಕೆ ಸಹಿ ಹಾಕಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಸಹಿ ಹಾಕುವವರು ಒಬ್ಬರು, ಕಂತು ಕಟ್ಟುವವರು ಇನ್ನೊಬ್ಬರು ಎಂಬುದೂ ಇದೆ. ದಂಡಸಂಹಿತೆಯನ್ನು ದಿಲ್ಲಿ ತಿದ್ದಬಹುದು, ಆದರೆ ಸಂವಿಧಾನದ ಪ್ರಕಾರ ಪೊಲೀಸೂ ಜೈಲೂ ರಾಜ್ಯದ ಜವಾಬ್ದಾರಿ. ಆರ್ಥರ್ ರೋಡ್ ಜೈಲನ್ನೇ ತೆಗೆದುಕೊಳ್ಳಿ. ಎಂಟುನೂರರ ಆಸುಪಾಸಿನ ಕೈದಿಗಳಿಗೆಂದು ಇದ್ದ ಜೈಲಿನಲ್ಲಿ ಮೂರು ಸಾವಿರಕ್ಕೂ ಮೀರಿ ಜನರನ್ನು ತುಂಬಿದ್ದು ಎಷ್ಟೋ ವರ್ಷಗಳಿಂದ ಸುದ್ದಿ. ದೇಶದ ಲೆಕ್ಕ ನೋಡಿದರೆ 2022ರಲ್ಲಿ ಜೈಲಿನಲ್ಲಿದ್ದ ನೂರರಲ್ಲಿ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರು, ಶಿಕ್ಷೆಯಾದವರಲ್ಲ. ಹೀಗಾಗಿ ಜೈಲಿನ ಅನ್ನದ ಹಣದಲ್ಲಿ ಮುಕ್ಕಾಲು ಪಾಲು ಹೋಗುವುದು ಕಾಯುವಿಕೆಗೆ.

ಬೇರೆ ಕಡೆ ಹೇಗೆ ಎಂದು ಹುಡುಕಿದಾಗ ಅಮೆರಿಕದ ವರ್ಜೀನಿಯಾ ರಾಜ್ಯದ ಪದ್ಧತಿ ಕಣ್ಣಿಗೆ ಬಿತ್ತು. ಅಲ್ಲಿ ಜೈಲುವಾಸ ಹೆಚ್ಚಿಸುವ ಯಾವ ಮಸೂದೆ ಬಂದರೂ ಶಿಕ್ಷಾ ಆಯೋಗ ಮುಂದಿನ ಆರು ವರ್ಷಗಳ ಖರ್ಚಿನ ಅಂದಾಜು ಪತ್ರ ತಯಾರಿಸಿ ಜೊತೆಗಿಡಬೇಕು. ಲೆಕ್ಕ ಹಾಕಲು ಮಾಹಿತಿ ಸಾಲದಿದ್ದರೂ ಕನಿಷ್ಠ 50,000 ಡಾಲರ್ ತೆಗೆದಿಡಲೇಬೇಕು. ಮಸೂದೆ ಒಳ್ಳೆಯದೇ ಇರಲಿ, ಬಿಲ್ಲು ಇಲ್ಲದೆ ಬರುವಂತಿಲ್ಲ.

ನಮ್ಮಲ್ಲಿ ನಿಯಮ ಇಲ್ಲವೆಂದಲ್ಲ. ಖರ್ಚು ತಗಲುವ ಮಸೂದೆಯ ಜೊತೆ ಹಣಕಾಸು ಟಿಪ್ಪಣಿ ಇರಬೇಕು ಎಂದು ಲೋಕಸಭೆಯ 69ನೇ ನಿಯಮ ಹೇಳುತ್ತದೆ. ಆ ಟಿಪ್ಪಣಿಯಲ್ಲಿ ನ್ಯಾಯಾಲಯಗಳ ಹೊರೆಯೂ ಸೇರಬೇಕೆಂಬ ಮಾತು 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಳಿಕ ನ್ಯಾಯಮೂರ್ತಿ ಜಗನ್ನಾಥ ರಾವ್ ಅವರ ನೇತೃತ್ವದ ಕಾರ್ಯಪಡೆ 2008ರಲ್ಲಿ ವರದಿಯನ್ನೂ ಕೊಟ್ಟಿತು. ಹೊಸ ಕಾನೂನಿನಿಂದ ಎಷ್ಟು ಪ್ರಕರಣ ಹೆಚ್ಚುತ್ತದೆ, ಎಷ್ಟು ನ್ಯಾಯಾಧೀಶರು, ಎಷ್ಟು ಹಣ ಎಂದು ಮೊದಲೇ ಅಳೆಯಿರಿ ಎಂಬುದೇ ಅದರ ಸಾರ. ವರದಿ ಬಂದ ಮೇಲೆ 2013, 2018, 2019 ಎಲ್ಲವೂ ಬಂದು ಹೋದವು. ಅಂತಹ ಅಳತೆ ನಮ್ಮ ಕಾನೂನು ತಯಾರಿಯ ಖಾಯಂ ಪದ್ಧತಿಯಾಗಲಿಲ್ಲ.

ಮಹಾರಾಷ್ಟ್ರದ್ದೇ ಶಕ್ತಿ ಮಸೂದೆಯ ಕಥೆಯೂ ಇದೆ. ಆಂಧ್ರದ ದಿಶಾ ಕಾನೂನಿನ ಮಾದರಿಯಲ್ಲಿ 2020ರ ಡಿಸೆಂಬರಿನಲ್ಲಿ ಅಂದಿನ ಗೃಹ ಸಚಿವ ಅನಿಲ್ ದೇಶ್‌ಮುಖ್ ಮಂಡಿಸಿದರು. ತನಿಖೆ ಹದಿನೈದು ಕೆಲಸದ ದಿನಗಳಲ್ಲಿ, ವಿಚಾರಣೆ ಮೂವತ್ತು ದಿನಗಳಲ್ಲಿ ಮುಗಿಯಬೇಕೆಂದು ಮೂಲ ಕರಡಿನಲ್ಲಿತ್ತು. ಜಂಟಿ ಸಮಿತಿಗೆ ಹೋಗಿ ತಿದ್ದುಪಡಿಯಾಗಿ 2021ರ ಡಿಸೆಂಬರಿನಲ್ಲಿ ಸದನದ ಒಪ್ಪಿಗೆ ಪಡೆಯಿತು. ರಾಷ್ಟ್ರಪತಿಗಳ ಅಂಕಿತ ಸಿಗಲಿಲ್ಲ, ಕಾನೂನಾಗಲಿಲ್ಲ. ಅದರ ಶಿಕ್ಷೆಯ ಭಾಗದ ಬಗ್ಗೆ ನನಗೆ ಅನುಮಾನಗಳಿವೆ. ಆದರೆ ಜೊತೆಯಲ್ಲಿ ಬಂದ ಎರಡನೇ ಮಸೂದೆಯಲ್ಲಿ ಜಿಲ್ಲೆಗೊಂದು ವಿಶೇಷ ನ್ಯಾಯಾಲಯ, ವಿಶೇಷ ಪೊಲೀಸ್ ತಂಡ, ವಿಶೇಷ ಸರಕಾರಿ ವಕೀಲರು ಎಂದು ಇತ್ತು. ಆ ಎರಡನೆಯದಕ್ಕೆ ಗಲ್ಲುಶಿಕ್ಷೆಯ ಹಂಗು ಬೇಕಿರಲಿಲ್ಲ, ಬಜೆಟ್ಟಿನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು. ಸುದ್ದಿಯಾದದ್ದು ಮಾತ್ರ ಗಲ್ಲು.

ಒಳ್ಳೆಯದನ್ನೂ ಹೇಳಬೇಕು. 2024ರ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ಫೋರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಕಾನೂನು ಜಾರಿಯಾಗುವ ಹನ್ನೆರಡು ದಿನ ಮೊದಲು, ಜೂನ್ 19ರಂದು, ಲ್ಯಾಬುಗಳ ಅಭಿವೃದ್ಧಿಗೆ ಐದು ವರ್ಷಕ್ಕೆ 2,254.43 ಕೋಟಿಯನ್ನು ಕೇಂದ್ರ ಸಂಪುಟ ಮಂಜೂರು ಮಾಡಿತು, ರಾಜ್ಯಗಳಿಗೆ ತಯಾರಾಗಲು ಐದು ವರ್ಷ ಸಮಯವನ್ನೂ ಕಾನೂನಿನಲ್ಲಿಯೇ ಕೊಟ್ಟಿತ್ತು. ಸಾಲುತ್ತದೋ ಇಲ್ಲವೋ ಬೇರೆ ಮಾತು, ಜಮೆ ಬರೆದ ದಿನವೇ ಖರ್ಚೂ ಬರೆದರಲ್ಲ.

ರೂಪಾಯಿಯನ್ನೇ ಕಾನೂನಿನೊಳಗೆ ಬರೆದ ಇನ್ನೊಂದು ಉದಾಹರಣೆ ನಮ್ಮವರಿಗೆ ತೀರಾ ಹತ್ತಿರದ್ದು. ಹೊಟೇಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಸಂಜೆ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಹಾಗೆ ಬಂದವರೇ. ಆಗ ಅದಕ್ಕೆ ನಾವು ಕಷ್ಟ ಎನ್ನುತ್ತಿದ್ದೆವು, ಅಪರಾಧ ಎನ್ನುತ್ತಿರಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು, ಅಪಾಯಕಾರಿ ಕೆಲಸಕ್ಕೆ ಮಗುವನ್ನು ಇಟ್ಟುಕೊಂಡ ಮಾಲಕ ಮಗುವೊಂದಕ್ಕೆ 20,000 ರೂಪಾಯಿ ಕಟ್ಟಬೇಕು, ಕುಟುಂಬದ ಹಿರಿಯರಿಗೆ ಕೆಲಸ ಕೊಡಲಾಗದಿದ್ದರೆ ಸರಕಾರ 5,000 ಸೇರಿಸಬೇಕು ಎಂದಿತು. 2006ರ ಅಕ್ಟೋಬರ್ 10ರಿಂದ ಹೊಟೇಲು ಮತ್ತು ಮನೆಗೆಲಸದಲ್ಲಿ ಹದಿನಾಲ್ಕರೊಳಗಿನ ಮಕ್ಕಳು ನಿಷಿದ್ಧವಾದರು. 2016ರ ತಿದ್ದುಪಡಿ ಜೈಲನ್ನು ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷಕ್ಕೂ, ದಂಡವನ್ನು ಕನಿಷ್ಠ 20,000, ಗರಿಷ್ಠ 50,000ಕ್ಕೂ ಏರಿಸಿತು. ದಂಡದ ಹಣ ಮಗುವಿನ ಹೆಸರಿನ ನಿಧಿಗೆ ಹೋಗಬೇಕು, ಸರಕಾರ ಮಗುವೊಂದಕ್ಕೆ 15,000 ಹಾಕಬೇಕು ಎಂದೂ ಬರೆಯಿತು. ಇಲ್ಲಿ ಯಾರು ಎಷ್ಟು ಕೊಡಬೇಕು ಎಂಬ ಗೊಂದಲವೇ ಇಲ್ಲ. 1996ರ 20,000ವೇ 2016ರಲ್ಲಿಯೂ ಕೆಳಗಿನ ದಂಡವಾಗಿ ಉಳಿದಿದೆಯಲ್ಲ, ಇಪ್ಪತ್ತು ವರ್ಷದ ಬಡ್ಡಿ ಯಾರು ಲೆಕ್ಕ ಹಾಕಬೇಕು ಎಂದು ಮಾತ್ರ ಕೇಳಬಹುದು.

ದೌರ್ಜನ್ಯಕ್ಕೊಳಗಾದ ಮಕ್ಕಳಿಗೂ ಮಹಿಳೆಯರಿಗೂ ಮಹಾರಾಷ್ಟ್ರ ಸರಕಾರ 2013ರಲ್ಲಿಯೇ ಮನೋಧೈರ್ಯ ಯೋಜನೆ ತಂದಿತ್ತು. ಮೊದಲು ಎರಡರಿಂದ ಮೂರು ಲಕ್ಷ, 2017ರ ಪರಿಷ್ಕರಣೆಯ ನಂತರ ಹತ್ತು ಲಕ್ಷದ ತನಕ. ಅರ್ಜಿ ಹೋಗುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಅಪ್ರಾಪ್ತರ ಹಣದ ದೊಡ್ಡ ಪಾಲು ನಿಶ್ಚಿತ ಠೇವಣಿಯಾಗುತ್ತದೆ. ಇಲ್ಲಿ ನನ್ನ ಕೌಂಟರಿನ ಅನುಭವ ಹೇಳುತ್ತೇನೆ. ಊರಿನ ಆಧಾರ್, ಮುಂಬಯಿಯ ತಗಡಿನ ಬಿಡಾರ, ಮೂರು ತಿಂಗಳಿಗೊಮ್ಮೆ ಬದಲಾಗುವ ಸೈಟು. ಇಂತಹವರಿಗೆ ಮಗುವಿನ ಹೆಸರಿನ ಖಾತೆ ತೆರೆಯುವುದೇ ದೊಡ್ಡ ಸಾಹಸ. ಖಾತೆ ಇಲ್ಲದಿದ್ದರೆ ಮಂಜೂರಾದ ಹಣವೂ ಸರಕಾರದ ಬಳಿಯೇ ಉಳಿಯುತ್ತದೆ.

ದುಭಾಷಿಗೆ ದಿನಗೂಲಿ

ಮತ್ತೆ ಆ ಮಗುವಿನ ಪ್ರಕರಣಕ್ಕೆ ಬರುತ್ತೇನೆ. ವಿಶೇಷ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ ಮೂವತ್ತು ದಿನಗಳಲ್ಲಿ ಮಗುವಿನ ಸಾಕ್ಷ್ಯ ಬರೆದುಕೊಳ್ಳಬೇಕು, ವರ್ಷದೊಳಗೆ ಸಾಧ್ಯವಾದಷ್ಟು ವಿಚಾರಣೆ ಮುಗಿಸಬೇಕು ಎಂದು ಕಾಯಿದೆ. ಮೊದಲ ತಾರೀಖಿಗೆ ತಾಯಿ ಮಗು ಬಂದರು, ನಾನೂ ಅರ್ಧ ದಿನ ರಜೆ ಹಾಕಿ ಹೋದೆ. ಠಾಣೆಯಲ್ಲಿ ಮಾತು ತಿಳಿಸಿದವನೇ ಕೋರ್ಟಿನಲ್ಲಿಯೂ ದುಭಾಷಿಯಾಗುವುದು ಸರಿಯಲ್ಲ, ನಾಳೆ ಅವನನ್ನೇ ಸಾಕ್ಷಿಯಾಗಿ ಕರೆಯಬೇಕಾದೀತು ಎಂದು ಎದುರು ವಕೀಲರು ಆಕ್ಷೇಪಿಸಿದರು. ಅವರ ಮಾತು ನ್ಯಾಯವೇ. ಬೇರೆ ಕನ್ನಡ ದುಭಾಷಿ ಆ ದಿನ ಇರಲಿಲ್ಲ. ತಾರೀಖು. ಎರಡನೇ ಸಲವೂ ಸಿಗಲಿಲ್ಲ. ಮತ್ತೆ ತಾರೀಖು.

"ಏನಂದ್ರು ಅಣ್ಣಾರ?" ಎಂದು ಮೆಟ್ಟಿಲ ಬಳಿ ತಾಯಿ ಕೇಳಿದರು.

"ಮತ್ತೊಂದು ದಿನ ಬರಬೇಕಂತೆ ತಂಗಿ."

"ಕೂಸು ಎಲ್ಲಾ ಮರೀಲಾಕ ಹತ್ಯದರೀ. ಮರೀಲಿ ಅಂತ ನಾವೂ ಬೇಡ್ಕೋತೀವಿ. ಇಲ್ಲಿ ಬಂದ್ರ ಮರೀಬ್ಯಾಡ ಅಂತಾರ."

ನಾನು ಏನೂ ಹೇಳಲಿಲ್ಲ. ಅವರ ಒಂದು ದಿನದ ಕೂಲಿ, ಗಂಡನ ಒಂದು ದಿನದ ಕೂಲಿ, ಆಟೋ, ರೈಲು. ಎರಡು ಸಲ.

ಕೋರ್ಟಿನ ಲೆಕ್ಕವನ್ನೂ ಹಾಕಿದೆ. ವರ್ಷಕ್ಕೆ 240 ದಿನ ಕೆಲಸವೆಂದು ಹಿಡಿದರೆ 75 ಲಕ್ಷದ ನ್ಯಾಯಾಲಯಕ್ಕೆ ದಿನಕ್ಕೆ 31,250 ರೂಪಾಯಿ ಖರ್ಚು. ಆ ದಿನದ ಪಟ್ಟಿಯಲ್ಲಿ ಇದೊಂದೇ ಪ್ರಕರಣವಲ್ಲ ನಿಜ. ಆದರೆ ಸಾಕ್ಷ್ಯಕ್ಕೆಂದು ತೆಗೆದಿಟ್ಟ ಹೊತ್ತು ಎರಡು ಸಲ ಹಾಳಾಯಿತು. ಕಾರಣ, ಒಬ್ಬ ದುಭಾಷಿಯ ಒಂದು ದಿನದ ಸಂಭಾವನೆ.

ಕಾನೂನಿನಲ್ಲಿ ಅದಕ್ಕೂ ವ್ಯವಸ್ಥೆ ಇದೆ ಎಂಬುದೇ ಸೋಜಿಗ. ಠಾಣೆಯಲ್ಲಿ 26ನೇ ಕಲಮು, ಕೋರ್ಟಿನಲ್ಲಿ 38ನೇ ಕಲಮು ದುಭಾಷಿಯ ನೆರವಿಗೆ ಅವಕಾಶ ಕೊಡುತ್ತವೆ, ಅದೂ ಸಂಭಾವನೆ ಕೊಟ್ಟು. 2020ರ ಮಾರ್ಚ್ 9ರ ಪೋಕ್ಸೊ ನಿಯಮಾವಳಿಯ 5ನೇ ನಿಯಮದಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ದುಭಾಷಿಗಳು, ಭಾಷಾಂತರಕಾರರು, ವಿಶೇಷ ಶಿಕ್ಷಕರ ಹೆಸರು ವಿಳಾಸದ ದಾಖಲೆ ಪುಸ್ತಕ ಇರಬೇಕು, ಪೊಲೀಸರಿಗೂ ಕೋರ್ಟಿಗೂ ಕೇಳಿದಾಗ ಸಿಗಬೇಕು. ಸಂಭಾವನೆ ನುರಿತ ಕೆಲಸಗಾರನ ಕನಿಷ್ಠ ದಿನಗೂಲಿಗಿಂತ ಕಡಿಮೆ ಇರಬಾರದು. ಹಣ ಬಾಲನ್ಯಾಯ ಕಾಯಿದೆಯ 105ನೇ ಕಲಮಿನ ನಿಧಿಯಿಂದ ಅಥವಾ ಘಟಕದ ಬಳಿಯಿರುವ ಬೇರೆ ಹಣದಿಂದ. ಇನ್ನು ಅರ್ಹತೆ ನೋಡಿ. ಮಗುವಿನ ಭಾಷೆಯೂ ರಾಜ್ಯದ ಆಡಳಿತ ಭಾಷೆಯೂ ಬಳಕೆಯಲ್ಲಿರಬೇಕು. ಅದು ಮಾತೃಭಾಷೆಯಾಗಿ ಬಂದಿರಲಿ, ಪ್ರಾಥಮಿಕ ಶಾಲೆಯ ಮಾಧ್ಯಮವಾಗಿ ಬಂದಿರಲಿ, ಉದ್ಯೋಗ ಅಥವಾ ವಾಸದಿಂದ ಬಂದಿರಲಿ, ಸಾಕು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ ಮರಾಠಿಯಲ್ಲಿ ವ್ಯವಹರಿಸುವ ನಮ್ಮವರಲ್ಲಿ ಈ ಅರ್ಹತೆ ಇಲ್ಲದವರನ್ನು ಹುಡುಕಬೇಕಷ್ಟೆ. ತುಳು, ಕೊಂಕಣಿ, ಲಂಬಾಣಿ ಬಲ್ಲವರೂ ಇದ್ದಾರೆ.

ಮುಂಬಯಿ ನಗರ ಮತ್ತು ಮುಂಬಯಿ ಉಪನಗರ ಎರಡು ಬೇರೆ ಬೇರೆ ಜಿಲ್ಲೆಗಳು, ಘಟಕಗಳೂ ಬೇರೆ. ಥಾಣೆ, ಪಾಲ್ಘರ್, ರಾಯಗಡದವರು ಆಯಾ ಜಿಲ್ಲೆಯಲ್ಲಿ ವಿಚಾರಿಸಬೇಕು. ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ವಿಷಯ ಇಟ್ಟಾಗ, ವಾರ್ಷಿಕೋತ್ಸವದ ಊಟದ ಮೆನು ಮುಗಿದ ಬಳಿಕವಾದರೂ, ಏಳು ಮಂದಿ ಹೆಸರು ಕೊಟ್ಟರು. ನಾಲ್ವರು ಮಹಿಳೆಯರು.

ಅವರಲ್ಲಿ ಒಬ್ಬರು ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರ್. ಮೂರನೇ ತಾರೀಖಿಗೆ ಅವರೇ ಬಂದರು. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುವುದರಿಂದ ನಾನು ಹೊರಗೆ ಬೆಂಚಿನಲ್ಲಿದ್ದೆ. ಮಗುವನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಟೀಚರ್ ಪಕ್ಕದಲ್ಲಿ ಕುಳಿತು ಯಾವ ಕ್ಲಾಸು, ಯಾವ ಪದ್ಯ ಬರುತ್ತದೆ ಎಂದು ಕೇಳುತ್ತಿದ್ದರು. ಸಾಕ್ಷ್ಯ ಅಂದೇ ಮುಗಿಯಿತು.

ಅದೇ ನಿಯಮಾವಳಿಯ 8ನೇ ನಿಯಮದಲ್ಲಿ ಊಟ, ಬಟ್ಟೆ, ಪ್ರಯಾಣಕ್ಕೆಂದು ತುರ್ತು ನೆರವು ಇದೆ, ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದ ವಾರದೊಳಗೆ ಹಣ ಕೊಡಬೇಕು. ಮೂರು ದಿನದ ರೈಲು, ಆಟೋ ಖರ್ಚನ್ನು ಲೆಕ್ಕ ಹಾಕಿ ತಾಯಿಯ ಪರವಾಗಿ ಮರಾಠಿಯಲ್ಲಿ ಅರ್ಜಿ ಬರೆದುಕೊಟ್ಟಿದ್ದೇನೆ. ಟೀಚರ್ ಅವರ ಒಂದು ದಿನದ ಸಂಭಾವನೆಯ ಬಿಲ್ಲನ್ನೂ ಬೇರೆ ಹಾಳೆಯಲ್ಲಿ ಬರೆದು ಅದರ ಜೊತೆಗೇ ಸಲ್ಲಿಸಿದೆವು. ಅವರು "ನನಗೆ ಯಾಕೆ ಇದೆಲ್ಲ" ಎಂದರು. ಬಿಲ್ಲು ಹೋಗಲೇಬೇಕು ಎಂದು ನಾನೇ ಹಠ ಮಾಡಿ ಸಹಿ ಹಾಕಿಸಿದೆ.